ನಲ್ಲಿ ನಿಲ್ಲಿಸುವ ಪಾಠ ಸಾಕು, ಕೊಳವೆಯ ಎರಡೂ ತುದಿ ತೋರಿಸಿ

ಮಾರ್ಚ್ 22 ವಿಶ್ವ ಜಲದಿನ. ಆ ವಾರ ನಮ್ಮ ವಾಕಡದ ಶಾಲೆಗಳ ಕಾಂಪೌಂಡು, ಸೊಸೈಟಿಗಳ ಲಿಫ್ಟು, ಎಲ್ಲಿ ನೋಡಿದರೂ ಒಂದೇ ಚಿತ್ರ: ಕಣ್ಣೀರು ಸುರಿಸುವ ಭೂಗೋಳ, ತೊಟ್ಟಿಕ್ಕುವ ನಲ್ಲಿ, ಅದರ ಕೆಳಗೆ ಬೊಗಸೆಯೊಡ್ಡಿದ ಎರಡು ಕೈ. ಐದನೇ ತರಗತಿಯ ನನ್ನ ಮಗಳಿಗೂ ಅದೇ ಹೋಂವರ್ಕು ಬಂತು. ಅವಳು ನಲ್ಲಿಯನ್ನೇನೋ ಬರೆದಳು, ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ನಲ್ಲಿಯ ಹಿಂದಕ್ಕೆ ಒಂದು ಕೊಳವೆ ಎಳೆದು ಅದನ್ನು ಪವನಾ ಅಣೆಕಟ್ಟಿಗೆ ಮುಟ್ಟಿಸಿದಳು. ನಲ್ಲಿಯ ಕೆಳಗೆ ಬಚ್ಚಲು, ಬಚ್ಚಲಿಂದ ನಾಲಾ, ನಾಲಾದಿಂದ ಮುಳಾ ನದಿ, ಅಲ್ಲಿಂದ ಭೀಮೆ, ಭೀಮೆಯ ದಂಡೆಗೆ ಅಫಜಲಪುರ ತಾಲೂಕಿನ ಅವಳ ಅಜ್ಜಿಯ ಮನೆ. ಬಾಗಿಲಲ್ಲಿ ಅಜ್ಜಿ, ಸೊಂಟದ ಮೇಲೆ ಕೊಡ.

ಹಾಳೆ ವಾಪಸ್ ಬಂತು. ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ಒಂದು ಸಾಲು: ಚಿತ್ರ ಚೆನ್ನಾಗಿದೆ, ಆದರೆ ವಿಷಯಕ್ಕೆ ಸಂಬಂಧವಿಲ್ಲ.

ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತೈದು ಮಕ್ಕಳ ಚಿತ್ರ ನೋಡಿ, ಫೋಟೋ ತೆಗೆದು, ಪಾಲಕರ ಗುಂಪಿಗೆ ಹಾಕುವ ಹೊತ್ತಿಗೆ ಅವರಿಗೆ ಎಷ್ಟು ತ್ರಾಣ ಉಳಿದಿರುತ್ತದೆ ಎಂದು ಬಲ್ಲೆ. ನನ್ನ ಜಗಳ ಆ ಕೆಂಪು ಸಾಲಿನ ಹಿಂದಿರುವ ತಿಳಿವಳಿಕೆಯ ಜೊತೆ. ನಗರದ ಮಕ್ಕಳಿಗೆ ನೀರಿನ ಬಗ್ಗೆ ಕಲಿಸುತ್ತೇವೆ ಎನ್ನುವ ಶಾಲೆಗಳು, ಕಂಪನಿಗಳ ಸಿಎಸ್‌ಆರ್ ತಂಡಗಳು, ವಾರಾಂತ್ಯದ ಕಾರ್ಯಾಗಾರಗಳು, ಬಹುಪಾಲು ಎಲ್ಲರೂ ಕಲಿಸುತ್ತಿರುವುದು ಅರ್ಧ ಅಡಿ ಕೊಳವೆಯನ್ನು ಮಾತ್ರ. ನಲ್ಲಿಯ ತಿರುಪಿನಿಂದ ಬೇಸಿನ್ನಿನ ತೂತಿನವರೆಗೆ. ಅದರ ಹಿಂದೇನಿದೆ, ಮುಂದೇನಿದೆ ಎಂಬುದು ‘ವಿಷಯಕ್ಕೆ ಸಂಬಂಧವಿಲ್ಲ’. ಇದನ್ನು ಪರಿಸರ ಶಿಕ್ಷಣ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ವಾಕಡ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಪುಣೆಯ ವಾಯವ್ಯಕ್ಕೆ, ಮುಳಾ ನದಿಯ ದಂಡೆಗಿರುವ ಊರು. ಮ್ಹಾತೋಬಾ ಊರದೇವರು. ಪಕ್ಕದ ಹಿಂಜವಡಿಗೆ ಐಟಿ ಬಂದ ಮೇಲೆ ಹೊಲಗಳೆಲ್ಲ ಟವರುಗಳಾದವು. ಕಲಬುರಗಿ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದ ನಮ್ಮಂಥ ಕನ್ನಡದವರು ಪ್ರತಿ ಸೊಸೈಟಿಯಲ್ಲೂ ಸಿಗುತ್ತಾರೆ. ಊರು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿದ್ದು. ಹೊಳೆ ದಾಟಿದರೆ ಬಾಲೇವಾಡಿ, ಬಾಣೇರ, ಅವು ಪುಣೆ ಪಾಲಿಕೆಗೆ. ನಮಗೆ ನೀರು ಬರುವುದು ಮುಖ್ಯವಾಗಿ ಪವನಾ ನದಿಯಿಂದ, ರಾವೇತದ ಬಂಧಾರದಲ್ಲಿ ಎತ್ತಿ. 2019ರ ನವೆಂಬರಿನಿಂದ ಪಾಲಿಕೆಯ ನೀರು ದಿನ ಬಿಟ್ಟು ದಿನ ಬರುತ್ತದೆ. ಅಂದರೆ ನನ್ನ ಮಗಳಿಗೆ ಬುದ್ಧಿ ತಿಳಿದಾಗಿನಿಂದ ದಿನಾ ನೀರು ಬಂದದ್ದನ್ನು ಅವಳು ಕಂಡಿಲ್ಲ. ಕೊರತೆ ತುಂಬುವುದು ಟ್ಯಾಂಕರ್.

ಈಗ ಒಂದು ಹಳೆಯ ಜೋಕು ನೆನಪಿಸಿಕೊಳ್ಳಿ. ‘ನೀರು ಎಲ್ಲಿಂದ ಬರುತ್ತದೆ?’ ಎಂದು ಟೀಚರ್ ಕೇಳಿದರು, ‘ಟ್ಯಾಂಕರಿನಿಂದ’ ಎಂದಿತು ನಗರದ ಮಗು. ಎಲ್ಲರೂ ನಗುತ್ತಾರೆ: ಪಾಪ, ಮಕ್ಕಳಿಗೆ ನಿಸರ್ಗವೇ ಗೊತ್ತಿಲ್ಲ. ನಾನು ನಗುವುದಿಲ್ಲ. ಆ ಮಗು ಕಣ್ಣಾರೆ ಕಂಡದ್ದನ್ನು ಹೇಳಿದೆ. ಪುಸ್ತಕದ ಸರಿಯುತ್ತರ, ‘ಮಳೆ, ನದಿ, ಕೆರೆ, ಬಾವಿ’, ಎಲ್ಲ ಊರಿಗೂ ಸಲ್ಲುವಂಥದ್ದು. ಹಾಗಾಗಿ ಯಾವ ಊರಿನ ನೀರಿನ ಬಗೆಗೂ ಏನನ್ನೂ ಹೇಳುವುದಿಲ್ಲ. ಒಳ್ಳೆಯ ಮೇಷ್ಟರಾದರೆ ಅಲ್ಲಿಂದಲೇ ಪಾಠ ಶುರುಮಾಡುತ್ತಿದ್ದರು: ಸರಿ, ಟ್ಯಾಂಕರಿಗೆ ಎಲ್ಲಿಂದ ಬಂತು? ಯಾರ ಬೋರ್‌ವೆಲ್ಲು? ಎಷ್ಟು ಆಳ? ಎಷ್ಟು ದುಡ್ಡು? ಟ್ಯಾಂಕರ್ ತರಿಸಲು ದುಡ್ಡಿಲ್ಲದ ಮನೆಯವರು ಏನು ಮಾಡುತ್ತಾರೆ? ಇದರಲ್ಲಿ ಭೂಗೋಳ, ಗಣಿತ, ಸಮಾಜ, ಎಲ್ಲವೂ ಇದೆ. ನಾವು ಮಾಡುವುದು ಆ ಮಗುವಿನ ಉತ್ತರವನ್ನು ತಪ್ಪು ಎಂದು ತಿದ್ದಿ, ಭೂಗೋಳದ ಕೆನ್ನೆಯ ಮೇಲೆ ಕಣ್ಣೀರು ಬರೆಯಲು ಹೇಳುವುದು.

ಒಂದು ಲೆಕ್ಕ ಮಾಡೋಣ. ನಮ್ಮಂಥ 300 ಫ್ಲ್ಯಾಟಿನ ಸೊಸೈಟಿ, ಮನೆಗೆ ನಾಲ್ಕು ಜನ. ನಗರಗಳಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 1,62,000 ಲೀಟರ್. ಬಳಸಿದ ನೀರಿನಲ್ಲಿ ಸುಮಾರು ಶೇಕಡ 80 ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ ಸುಮಾರು 1,30,000 ಲೀಟರ್. 10,000 ಲೀಟರಿನ ಟ್ಯಾಂಕರು ಹದಿಮೂರು. ಪ್ರತಿದಿನ ಗೇಟಿನೊಳಗೆ ಬರುವ ಟ್ಯಾಂಕರು ಮಕ್ಕಳಿಗೆ ಕಾಣುತ್ತದೆ. ಪ್ರತಿದಿನ ನೆಲದಡಿಯಿಂದ ಹೊರಹೋಗುವ ಈ ಹದಿಮೂರು ಟ್ಯಾಂಕರು ಕಾಣುವುದಿಲ್ಲ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿದ ಮಗು ಉಳಿಸುವುದು ಕೆಲವು ಲೋಟ. ಅದು ಬೇಡವೆಂದಲ್ಲ, ಒಳ್ಳೆಯ ಅಭ್ಯಾಸ. ಆದರೆ ಲೋಟದ ಜವಾಬ್ದಾರಿಯನ್ನು ಹತ್ತು ವರ್ಷದ ಮಗುವಿಗೆ ಹೊರಿಸಿ, ಹದಿಮೂರು ಟ್ಯಾಂಕರಿನ ಜವಾಬ್ದಾರಿ ಯಾರದೆಂದು ಕೇಳದೇ ಇರುವುದು ಮೋಸ.

20,000 ಚದರ ಮೀಟರ್ ಮೀರಿದ ಕಟ್ಟಡಗಳಿಗೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆ ಅನುಮತಿಯ ಜೊತೆ ಸಾಮಾನ್ಯವಾಗಿ ಸೊಸೈಟಿಯೇ ಎಸ್‌ಟಿಪಿ ನಡೆಸಬೇಕೆಂಬ ಷರತ್ತೂ ಇರುತ್ತದೆ. ಇದನ್ನು ಓದುತ್ತಿರುವ ಎಷ್ಟು ಜನ ನಿಮ್ಮ ಬೇಸ್‌ಮೆಂಟಿನ ಎಸ್‌ಟಿಪಿ ಕೋಣೆಯ ಬಾಗಿಲು ತೆಗೆದು ನೋಡಿದ್ದೀರಿ? ಪಂಪು ಓಡುತ್ತಿದೆಯೇ, ಕರೆಂಟು ಬಿಲ್ಲು ಉಳಿಸಲು ಬಂದ್ ಮಾಡಿದ್ದಾರೆಯೇ? ಐದನೇ ತರಗತಿಯ ನೀರಿನ ಪಾಠಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗಾಲಯ ಇನ್ನೆಲ್ಲಿದೆ? ಲಿಫ್ಟಿನಲ್ಲಿ ಎರಡು ನಿಮಿಷದ ದಾರಿ. ಆದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಅವರು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡಬೇಕಾದವರು ಮಕ್ಕಳ ಅಪ್ಪ ಅಮ್ಮಂದಿರೇ ಇರುವ ಮ್ಯಾನೇಜಿಂಗ್ ಕಮಿಟಿ. ಹೋಳಿಗೆ ಟ್ಯಾಂಕರ್ ತರಿಸಿ ‘ರೇನ್ ಡಾನ್ಸ್’ ಇಡುವುದೂ, ಅದರ ಹಿಂದೆ ಮುಂದೆ ಜಲದಿನದ ಚಿತ್ರಸ್ಪರ್ಧೆಗೆ ಬಹುಮಾನ ಕೊಡುವುದೂ ಅದೇ ಕಮಿಟಿ. ನಲ್ಲಿಯ ಚಿತ್ರದಿಂದ ಯಾರಿಗೂ ಮುಜುಗರವಿಲ್ಲ. ಅದು ಇಷ್ಟು ಜನಪ್ರಿಯವಾಗಿರುವುದು ಅದಕ್ಕೇ.

ಈಗ ಕೊಳವೆಯ ಮೇಲಿನ ತುದಿಗೆ ಹೋಗೋಣ. ಪವನಾ ಅಣೆಕಟ್ಟು ಮಾವಳ ತಾಲೂಕಿನಲ್ಲಿದೆ. ಅದಕ್ಕೆ ಜಮೀನು ಕೊಟ್ಟ ಹಲವು ಕುಟುಂಬಗಳು ಅರ್ಧ ಶತಮಾನ ಕಳೆದರೂ ಪುನರ್ವಸತಿ ಕೇಳುತ್ತಲೇ ಇವೆ. ಅಣೆಕಟ್ಟಿನಿಂದ ನಮ್ಮ ನಗರಕ್ಕೆ ಮುಚ್ಚಿದ ಕೊಳವೆಯಲ್ಲಿ ನೀರು ತರುವ ಯೋಜನೆಯನ್ನು ಮಾವಳದ ರೈತರು ವಿರೋಧಿಸಿದರು. ನೀರು ನದಿಯಲ್ಲಿ ಹರಿದು ಬಂದರೆ ದಂಡೆಯ ಹೊಲಗಳಿಗೂ ಸಿಗುತ್ತದೆ, ಕೊಳವೆಯಲ್ಲಿ ಹೋದರೆ ಇಲ್ಲ ಎಂಬುದು ಅವರ ಅಳಲು. 2011ರ ಆಗಸ್ಟ್ 9ರಂದು ಬವೂರ ಬಳಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಅವರಲ್ಲಿ ಒಬ್ಬ ಹೆಂಗಸು. ಯೋಜನೆ ನಿಂತಿತು, ಹನ್ನೆರಡು ವರ್ಷದ ಮೇಲೆ, 2023ರಲ್ಲಿ ಸರ್ಕಾರ ಆ ತಡೆ ತೆಗೆಯಿತು. ನಮ್ಮ ನಲ್ಲಿಯ ನೀರಿಗೆ ಈ ಚರಿತ್ರೆ ಇದೆ. ವೀಕೆಂಡಿಗೆ ಅದೇ ರಸ್ತೆಯಲ್ಲಿ ಲೋಣಾವಳಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲ.

ಇನ್ನು ಮನೆಯ ಹಿತ್ತಲಲ್ಲೇ ಹರಿಯುವ ಮುಳಾ. ಬೇಸಿಗೆಯಲ್ಲಿ ಅದನ್ನು ನೋಡಿದವರು ‘ನದಿ ಬತ್ತಿದೆ’ ಎನ್ನುತ್ತಾರೆ, ಏನೋ ತಾನಾಗಿಯೇ ಆದದ್ದೆಂಬಂತೆ. ಮುಳಾದ ಮೇಲ್ಭಾಗದಲ್ಲಿ ಮುಳಶಿ ಅಣೆಕಟ್ಟಿದೆ. ಟಾಟಾದವರು ವಿದ್ಯುತ್ತಿಗಾಗಿ ಕಟ್ಟಿಸಿದ್ದು. ಪೂರ್ವಕ್ಕೆ ಹರಿಯಬೇಕಾದ ನೀರನ್ನು ಅಲ್ಲಿ ಪಶ್ಚಿಮಕ್ಕೆ ತಿರುಗಿಸಿ, ಘಟ್ಟ ಇಳಿಸಿ, ಕೊಂಕಣದ ಭಿರಾದಲ್ಲಿ ವಿದ್ಯುತ್ ತೆಗೆಯುತ್ತಾರೆ. ಅದರ ವಿರುದ್ಧ 1921ರಿಂದ 1924ರವರೆಗೆ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಮುಳಶಿ ಸತ್ಯಾಗ್ರಹ ನಡೆಯಿತು. ಅಣೆಕಟ್ಟಿನ ವಿರುದ್ಧ ಎದ್ದ ಮೊದಲ ಜನಚಳವಳಿಗಳಲ್ಲಿ ಅದು ಒಂದು ಎನ್ನುತ್ತಾರೆ. ವಾಕಡದಿಂದ ಒಂದು ಬೆಳಗಿನ ದಾರಿ. ಇದೇ ಮಗು ಎನ್‌ಸಿಇಆರ್‌ಟಿಯ ಹಿಂದಿನ ಐದನೇ ತರಗತಿ ಪುಸ್ತಕದಲ್ಲಿ ಜೈಸಲ್ಮೇರಿನ ಘಡಸೀಸರ ಕೆರೆಯ ಬಗ್ಗೆ ಓದುತ್ತಿತ್ತು. ಒಳ್ಳೆಯ ಪಾಠ ಅದು, ಒಂದಕ್ಕೊಂದು ಜೋಡಿಸಿದ ಕೆರೆಗಳ ಕಥೆ. ನಿಮ್ಮ ಊರಿನಲ್ಲಿ ಏನಿತ್ತು, ಹಿರಿಯರನ್ನು ಕೇಳಿ ಬನ್ನಿ ಎಂದೂ ಅದು ಹೇಳುತ್ತಿತ್ತು. ನಾವು ಜೈಸಲ್ಮೇರನ್ನು ಬಾಯಿಪಾಠ ಮಾಡಿಸಿ, ‘ನಿಮ್ಮ ಊರು’ ಎಂಬ ಭಾಗವನ್ನು ಮಗುಚಿ ಮುಂದೆ ಹೋದೆವು.

ಕೆಳಗಿನ ತುದಿಯ ಮಾತು ಕನ್ನಡದವರಿಗೇ ಹೇಳಬೇಕಾದದ್ದು. ಮುಳಾ ದಾಪೋಡಿಯಲ್ಲಿ ಪವನಾವನ್ನು ಕೂಡಿಕೊಳ್ಳುತ್ತದೆ, ಪುಣೆಯೊಳಗೆ ಮುಠಾವನ್ನು. ಮುಳಾ-ಮುಠಾ ಭೀಮೆಗೆ ಸೇರುತ್ತದೆ. ಭೀಮೆ ಉಜನಿ ಜಲಾಶಯದಲ್ಲಿ ನಿಂತು, ಅಲ್ಲಿಂದ ಪಂಢರಪುರ ಹಾದು, ವಿಜಯಪುರ ಜಿಲ್ಲೆಯ ಗಡಿಯುದ್ದ ಹರಿದು ಅಫಜಲಪುರಕ್ಕೆ ಬರುತ್ತಾಳೆ. ದೇವಲಗಾಣಗಾಪುರದಲ್ಲಿ ಅಮರ್ಜಾ ಕೂಡುತ್ತದೆ. ಸನ್ನತಿಯ ಚಂದ್ರಲಾಂಬೆಯ ಗುಡಿ ದಾಟಿ, ಯಾದಗಿರಿ ದಾಟಿ, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ. ಸೊಲ್ಲಾಪುರದ ಲಕ್ಷಾಂತರ ಜನ, ಅವರಲ್ಲಿ ಕನ್ನಡ ಮಾತನಾಡುವವರೂ ಬಹಳ, ಕುಡಿಯುವುದು ಉಜನಿಯ ನೀರು. ವಾಕಡದಲ್ಲಿ ನಮ್ಮ ಮನೆ ಇರುವುದು ದತ್ತ ಮಂದಿರ ರಸ್ತೆಯ ಹತ್ತಿರ. ಇಲ್ಲಿಂದ ಗುರುವಾರ, ಹುಣ್ಣಿಮೆ ನೋಡಿಕೊಂಡು ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗು ಹಾಕುವವರು ನನ್ನ ಕಟ್ಟಡದಲ್ಲೇ ಇದ್ದಾರೆ. ಅವರು ಹೋಗುವ ದಾರಿ ಹೈವೇ. ಅವರ ಬಚ್ಚಲ ನೀರು ಹೋಗುವ ದಾರಿ ಹೊಳೆ. ಇಬ್ಬರೂ ಹೊರಟಿರುವುದು ಅದೇ ದಿಕ್ಕಿಗೆ.

ಹೆಚ್ಚುಗಟ್ಟಿ ಹೇಳಲಾರೆ. ವಾಕಡದ ಕೊಳಚೆ ಹಾಗೇ ಹೋಗಿ ಗಾಣಗಾಪುರದ ಕೊಡಕ್ಕೆ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ನಡುವೆ ನೂರಾರು ಕಿಲೋಮೀಟರಿದೆ, ಉಜನಿಯಂಥ ದೊಡ್ಡ ಜಲಾಶಯವಿದೆ, ಬೇರೆ ಊರು, ಕಾರ್ಖಾನೆ, ಕಬ್ಬಿನ ಗದ್ದೆಗಳ ಪಾಲೂ ಇದೆ. ನಮ್ಮ ಕಲಬುರಗಿ, ಯಾದಗಿರಿಯವರೇನು ಹೊಳೆಗೆ ಹಾಲು ಬಿಡುವವರಲ್ಲ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಮಲಿನ ನದಿಭಾಗಗಳಲ್ಲಿ ಅತಿ ಹೆಚ್ಚು, 53, ಮಹಾರಾಷ್ಟ್ರದವು; ಪವನಾ, ಮುಳಾ-ಮುಠಾ ಅದರಲ್ಲಿವೆ. ಕರ್ನಾಟಕದ 17ರಲ್ಲಿ ಭೀಮೆ ಇದ್ದಾಳೆ. ಒಂದೇ ಹೊಳೆ ಎರಡು ರಾಜ್ಯದ ಪಟ್ಟಿಯಲ್ಲಿ ಎರಡು ಹೆಸರಿನಿಂದ ಕೂತಿದೆ.

ಬೇಸಿಗೆ ಬಂದರೆ ಇನ್ನೊಂದು ಕಥೆ. 2025ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಮಹಾರಾಷ್ಟ್ರದ ಮುಖ್ಯಮಂತ್ರಿಗೆ ಪತ್ರ ಬರೆದು, ಕುಡಿಯುವುದಕ್ಕಾಗಿ ಉಜನಿಯಿಂದ ಭೀಮೆಗೆ 1 ಟಿಎಂಸಿ ನೀರು ಬಿಡಿ ಎಂದು ಕೇಳಿದರು. ಮಳೆಗಾಲದಲ್ಲಿ ಇದಕ್ಕೆ ತಿರುವುಮುರುವು. 2020ರ ಅಕ್ಟೋಬರಿನಲ್ಲಿ ಮೇಲಿನ ಮಳೆಗೆ ಜಲಾಶಯಗಳು ತುಂಬಿ, ನೀರು ಬಿಟ್ಟು, ಭೀಮಾತೀರದ ಊರುಗಳು ಮುಳುಗಿದವು. ನಮ್ಮ ಅವ್ವ ಮೂರು ದಿನ ಊರ ಹೊರಗಿನ ಶಾಲೆಯಲ್ಲಿ ಮಲಗಿದಳು. ಫೋನಿನಲ್ಲಿ ಅವಳು ಅಂದದ್ದು ಇಷ್ಟೇ: ‘ಬ್ಯಾಸಗ್ಯಾಗ ಕೇಳಿದ್ರ ಹನಿ ಬಿಡಂಗಿಲ್ಲ, ಬ್ಯಾಡ ಅಂದಾಗ ಮನೀಗೇ ತಂದು ಹಾಕ್ತಾರ. ಅಲ್ಲಿ ಯಾರ ಕೂತಾರ ಅಂತ ಕೇಳಪಾ ಒಂದ್ಸಲ.’ ಅವ್ವನಿಗೆ ಶಾಲೆ ಮೂರನೇ ಇಯತ್ತೆ. ನೀರು ತಾನಾಗಿ ಬರುವುದಿಲ್ಲ, ಅದನ್ನು ಬಿಡುವ, ತಡೆಯುವ ಯಾರೋ ಮೇಲೆ ಕೂತಿದ್ದಾರೆ ಎಂದು ಅವಳಿಗೆ ಗೊತ್ತು. ನನ್ನ ಮಗಳ ಪುಸ್ತಕ ಇದನ್ನೆಲ್ಲ ‘ನೈಸರ್ಗಿಕ ವಿಕೋಪ’ ಎಂಬ ಒಂದು ಶಬ್ದದಲ್ಲಿ ಮುಗಿಸುತ್ತದೆ.

ಇದು ಪುಣೆಯ ಮಾತಷ್ಟೇ ಎಂದುಕೊಳ್ಳಬೇಡಿ. ಬೆಂಗಳೂರಿನ ಮಗುವಿಗೆ ಕಾವೇರಿ ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಪಂಪ್ ಆಗಿ ಬರುವ ದಾರಿ ಗೊತ್ತೇ? ಅದೇ ನೀರು ವೃಷಭಾವತಿಯಲ್ಲಿ ಇಳಿದು ಬೈರಮಂಗಲದ ರೈತರ ಹೊಲಕ್ಕೆ, ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿಯಲ್ಲಿ ಹೊಸೂರಿನ ಅಣೆಕಟ್ಟಿಗೆ ಹೋಗುವುದು ಗೊತ್ತೇ? ಭೀಮೆಯ ವಿಷಯದಲ್ಲಿ ಕೆಳಗೆ ಕೂತು ದೂರುವ ನಾವು, ಅಲ್ಲಿ ಮೇಲೆ ಕೂತವರು. ಇದನ್ನು ಕಲಿತ ಮಗು ‘ನಮ್ಮ ನೀರು, ಅವರ ನೀರು’ ಎಂದು ಕೂಗುವ ಮೊದಲು ಎರಡು ಸಲ ಯೋಚಿಸುತ್ತದೆ.

ಆಕ್ಷೇಪಗಳು ನನಗೆ ಗೊತ್ತು, ಅವನ್ನು ಹಾರಿಸಿ ಹೋಗುವುದಿಲ್ಲ.

‘ಚಿಕ್ಕ ಮಕ್ಕಳು, ಇಷ್ಟೆಲ್ಲ ಹೇಳಿ ಹೆದರಿಸಬೇಕೇ?’ 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆ ಗಿಲನ್-ಬಾರಿ ಕಾಯಿಲೆ ಹಬ್ಬಿ, ಕಲುಷಿತ ನೀರಿನ ಮೇಲೆ ಸಂಶಯ ಬಂದಾಗ ಮಕ್ಕಳು ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಹೆದರಿಕೆ ಆಗಲೇ ಬಂದಿದೆ. ಅದಕ್ಕೆ ಒಂದು ನಕಾಶೆ ಕೊಟ್ಟರೆ ಕಡಿಮೆಯಾದೀತು. ಅಳುವ ಭೂಗೋಳ, ‘ನೀನು ನಲ್ಲಿ ಬಿಟ್ಟಿದ್ದರಿಂದ ಜಗತ್ತು ಸಾಯುತ್ತಿದೆ’ ಎಂಬ ಪಾಠ, ಇದಕ್ಕಿಂತ ಹೆದರಿಸುವುದು ಇನ್ನೇನಿದೆ?

‘ಇದು ರಾಜಕೀಯ.’ ಹೌದು. ಒಂದು ನದಿಯ ನೀರು ಯಾರಿಗೆಷ್ಟು ಎಂಬುದು ರಾಜಕೀಯವಲ್ಲದೆ ಇನ್ನೇನು? ಪಕ್ಷದ ಹೆಸರು ಹೇಳದೆ ಇದನ್ನು ಕಲಿಸಬಹುದು, ಕಲಿಸಬೇಕು.

‘ಪಠ್ಯಕ್ರಮದಲ್ಲಿ ಜಾಗವಿಲ್ಲ.’ ಇದು ಒಪ್ಪುವಂಥದ್ದಲ್ಲ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದದ್ದು 1991ರಲ್ಲಿ. ಮಹಾರಾಷ್ಟ್ರ ಬೋರ್ಡಿನ 9 ಮತ್ತು 10ನೇ ತರಗತಿಗೆ ‘ಜಲಸುರಕ್ಷಾ’ ಎಂಬ ಪ್ರತ್ಯೇಕ ವಿಷಯವೇ ಇದೆ. ಆದರೆ ಅದಕ್ಕೆ ಗ್ರೇಡು ಮಾತ್ರ, ಒಟ್ಟು ಅಂಕಕ್ಕೆ ಸೇರುವುದಿಲ್ಲ. ಅಂಕವಿಲ್ಲದ ವಿಷಯಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಮರ್ಯಾದೆ ಎಂದು ನಾನು ಹೇಳಬೇಕಿಲ್ಲ. ಇದರಲ್ಲಿ ಪಾಲಕರ ತಪ್ಪು ಶಾಲೆಯದಕ್ಕಿಂತ ಕಡಿಮೆಯೇನಲ್ಲ.

‘ಮಕ್ಕಳನ್ನು ನದಿಗೆ ಕರೆದೊಯ್ಯುವುದು ಅಪಾಯ, ಅನುಮತಿ ಯಾರು ಕೊಡುತ್ತಾರೆ?’ ಇದೊಂದು ನಿಜವಾದ ತೊಡಕು. ಏನಾದರೂ ಆದರೆ ಹೊಣೆ ಟೀಚರ್ ತಲೆಗೆ ಬರುತ್ತದೆ. ಅದಕ್ಕೇ ಕೆಲಸ ಬಲ್ಲವರ ಜೊತೆ ಹೋಗಬೇಕು. ಪುಣೆಯಲ್ಲಿ ಅಂಥವರಿಗೆ ಬರವಿಲ್ಲ. ಪ್ರಕಾಶ ಗೋಳೆ 1982ರಲ್ಲಿ ಕಟ್ಟಿದ ಇಕಾಲಾಜಿಕಲ್ ಸೊಸೈಟಿ ಇದೇ ಊರಿನದು. ‘ಜೀವಿತನದಿ’ಯವರು ವರ್ಷಗಳಿಂದ ಜನರನ್ನು, ವಿದ್ಯಾರ್ಥಿಗಳನ್ನು ದಂಡೆಗುಂಟ ನಡೆಸಿಕೊಂಡು ಹೋಗಿ, ಎಲ್ಲಿ ಝರಿ, ಎಲ್ಲಿ ನಾಲಾ, ಎಲ್ಲಿ ಯಾವ ಮರ ಎಂದು ತೋರಿಸುತ್ತಿದ್ದಾರೆ. ನನ್ನ ಮಗಳಿಗೂ ಮುಳಾ ನದಿಯೆಂದು ತಿಳಿದದ್ದು ಅಂಥದೊಂದು ನಡಿಗೆಯಲ್ಲಿ. ಅಲ್ಲಿಯವರೆಗೆ ಅದು ಅವಳಿಗೆ ಹೈವೇ ಸೇತುವೆಯ ಕೆಳಗಿನ ವಾಸನೆ. ಆ ದಿನ ಮಿಂಚುಳ್ಳಿ ನೋಡಿದಳು, ಹೊಂಗೆ, ಅತ್ತಿ ಮರಗಳ ನೆರಳಲ್ಲಿ ನಡೆದಳು, ಹತ್ತು ಹೆಜ್ಜೆ ಮುಂದೆ ಕಪ್ಪು ನೀರು ಬಂದು ಬೀಳುವ ಕೊಳವೆಯ ಬಾಯನ್ನೂ ನೋಡಿದಳು. ‘ಪಪ್ಪಾ, ಇದು ನಮ್ಮದಾ?’ ಎಂದು ಕೇಳಿದಳು. ವರ್ಷವಿಡೀ ಪರಿಸರ ವಿಜ್ಞಾನ ಓದಿ ಕೇಳದ ಪ್ರಶ್ನೆ ಅದು.

ಅದೇ ದಂಡೆಯಲ್ಲಿ ಈಗ ಪಾಲಿಕೆ ವಾಕಡ ಬೈಪಾಸಿನಿಂದ ಸಾಂಗವಿವರೆಗೆ ನದಿ ‘ಪುನರುಜ್ಜೀವನ’ ಕೈಗೆತ್ತಿಕೊಂಡಿದೆ. 2025ರ ಆರಂಭದಲ್ಲಿ ಪಿಂಪಳೆ ನಿಲಖದ ಬಳಿ ದಂಡೆಯ ಮರಗಳಿಗಾಗಿ ಜನ ಬೀದಿಗಿಳಿದರು. ಕೊಳಚೆ ನಿಲ್ಲಿಸದೆ ದಂಡೆ ಕಟ್ಟುವುದು ಪುನರುಜ್ಜೀವನವೇ ಎಂಬುದು ಅವರ ಪ್ರಶ್ನೆ. ಪ್ರವಾಹ ತಡೆದು ನಗರಕ್ಕೆ ಒಳ್ಳೆಯ ದಂಡೆ ಕೊಡುತ್ತೇವೆ ಎಂಬುದು ಪಾಲಿಕೆಯ ವಾದ. ನಾನು ಯಾರ ಕಡೆ ಎಂದು ನಿಮಗೆ ಗೊತ್ತಾಗಿರಬಹುದು. ಆದರೆ ಮಕ್ಕಳು ನನ್ನ ಕಡೆ ಬರಬೇಕೆಂದು ನಾನು ಕೇಳುತ್ತಿಲ್ಲ. ಎರಡೂ ವಾದ ಅವರ ಕಿವಿಗೆ ಬೀಳಲಿ, ನದಿಯನ್ನು ಅವರೇ ನೋಡಿ ಬರಲಿ ಎನ್ನುತ್ತಿದ್ದೇನೆ. ದೊಡ್ಡವರಾಗಿ ಅದೇ ದಂಡೆಯ ಬಗ್ಗೆ ತೀರ್ಮಾನ ಮಾಡಬೇಕಾದವರು ಅವರೇ ತಾನೆ.

ಹಾಗಾದರೆ ಏನು ಮಾಡಬೇಕು? ದುಡ್ಡಿನ ಕೆಲಸವಲ್ಲ. ಈ ವರ್ಷದ ನೀರಿನ ಪಾಠಕ್ಕೆ ನಿಮ್ಮ ಸೊಸೈಟಿಯ ಒಂದು ತಿಂಗಳ ಟ್ಯಾಂಕರ್ ರಸೀದಿಗಳನ್ನು ಮಕ್ಕಳ ಕೈಗೆ ಕೊಡಿ, ಕೂಡಿಸಲಿ. ಎಸ್‌ಟಿಪಿ ನೋಡಿಕೊಳ್ಳುವವರನ್ನು ಒಂದು ಗಂಟೆ ಮೇಷ್ಟರಾಗಿ ಕೂರಿಸಿ. ಆ ಕೋಣೆಯ ವಿಷಯ ಅವರಿಗಿಂತ ಬಲ್ಲವರು ಸೊಸೈಟಿಯಲ್ಲಿ ಯಾರೂ ಇಲ್ಲ. ಒಂದು ಸಲ ಮಳೆಗಾಲದಲ್ಲಿ, ಒಂದು ಸಲ ಏಪ್ರಿಲಿನಲ್ಲಿ, ಹತ್ತಿರದ ಹೊಳೆಯೋ ಕೆರೆಯೋ ತೋರಿಸಿ. ಕೊನೆಯದು ನನಗೆ ಮುಖ್ಯವಾದದ್ದು: ಹೊಳೆಯ ಕೆಳಗಿನ ಒಂದು ಸರ್ಕಾರಿ ಶಾಲೆಯ ಮಕ್ಕಳ ಜೊತೆ ಫೋನಿನಲ್ಲಿ ಮಾತಾಡಿಸಿ. ವಾಕಡದ ಐದನೇ ತರಗತಿ ಅಫಜಲಪುರದ ಐದನೇ ತರಗತಿಯನ್ನು ಕೇಳಲಿ: ಈ ವಾರ ನಿಮ್ಮ ಹೊಳೆಯ ನೀರಿನ ಬಣ್ಣ ಯಾವುದು? ಕನ್ನಡ ಬಲ್ಲ ಮಗು ನಡುವೆ ದುಭಾಷಿಯಾಗಲಿ. ಪುಣೆಯಲ್ಲಿ ಕನ್ನಡ ಕಲಿತು ಏನುಪಯೋಗ ಎಂದು ಕೇಳುವ ನಮ್ಮ ಮಕ್ಕಳಿಗೆ ಒಂದು ಉಪಯೋಗವೂ ಸಿಕ್ಕಂತಾಗುತ್ತದೆ.

ಮಗಳ ಚಿತ್ರವನ್ನು ನಾನು ಅವ್ವನಿಗೆ ಕಳಿಸಿದೆ. ಪಕ್ಕದ ಮನೆಯ ಹುಡುಗ ಫೋನಿನಲ್ಲಿ ತೋರಿಸಿದನಂತೆ. ಅವ್ವ ಬಹಳ ಹೊತ್ತು ನೋಡಿ, ‘ಕೊಡ ಬಲಕ್ಕ ಬರದಾಳ, ನಾ ಎಡಕ್ಕ ಹೊರತೀನಿ’ ಎಂದಳು. ಉಳಿದದ್ದೆಲ್ಲ ಸರಿಯಿದೆ ಎಂದು ನಾನು ತಿಳಿದುಕೊಂಡೆ. ಮಗಳು ಕೊಡವನ್ನು ಎಡಕ್ಕೆ ತಿದ್ದಿದ್ದಾಳೆ. ಲಿಫ್ಟಿನಲ್ಲಿ ಅಳುವ ಭೂಗೋಳದ ಪಕ್ಕ ಅದನ್ನೀಗ ಅಂಟಿಸಿದ್ದೇವೆ. ಕಮಿಟಿಯವರು ಇನ್ನೂ ತೆಗೆದಿಲ್ಲ.